ನೋವನ್ನು ನಿದ್ರೆಗೊಳಿಸಿದ ವೈದ್ಯನು: ಸರ್ ಜೇಮ್ಸ್ ಯಂಗ್ ಸಿಂಪ್ಸನನ ಜೀವನ ಚರಿತ್ರೆ

ನಮ್ಮ ಊರುಗಳಲ್ಲಿ ಯಾರಿಗಾದರೂ ಶಸ್ತ್ರಕ್ರಿಯೆ ಆಗಬೇಕೆಂದು ವೈದ್ಯರು ತಿಳಿಸಿದ ಕೂಡಲೇ ಮನೆಯವರ ಎದೆಯಲ್ಲಿ ಮೊದಲು ಹುಟ್ಟುವ ಭಯವು ಶಸ್ತ್ರದ ಭಯವಲ್ಲ, ನಿದ್ರೆಯ ಭಯವೇ. ಔಷಧದಿಂದ ಬರಿಸಿದ ನಿದ್ರೆಯಿಂದ ಏಳುವೆನೋ, ಎದ್ದರೂ ಮೊದಲಿನ ಬುದ್ಧಿಯೂ ಬಲವೂ ಇರುವುವೋ ಎಂದು ರೋಗಿಯು ಕೇಳುತ್ತಾನೆ. ನಾವುಂದ, ಮರವಂತೆ, ಕಿರಿಮಂಜೇಶ್ವರ ಮೊದಲಾದ ಕಡಲ ಕರೆಯ ಗ್ರಾಮಗಳಿಂದ ಹರ್ನಿಯಾ, ಕಣ್ಣಿನ ಪೊರೆ, ಮೂಲವ್ಯಾಧಿ ಇವುಗಳ ನಿಮಿತ್ತ ಕುಂದಾಪುರಕ್ಕೋ ಉಡುಪಿಗೋ ಮಣಿಪಾಲಕ್ಕೋ ಬೆಳಿಗ್ಗೆ ಹೋದವರು ಅದೇ ದಿನ ಸಾಯಂಕಾಲ ಮನೆಗೆ ತಿರುಗಿ ಬರುವ ಕಾಲವಿದು. ಹೀಗೆ ಬೇಗ ಬಂದವನನ್ನು ಕಂಡು ನೆರೆಯವರು ಆಶ್ಚರ್ಯಪಡುತ್ತಾರೆ. ಕೆಲವರು ಸಂಶಯವನ್ನೂ ಪಡುತ್ತಾರೆ. ಆದುದರಿಂದ, ಈ ನಿದ್ರೆಯನ್ನು ಮನುಷ್ಯರಿಗೆ ಒದಗಿಸಲು ತನ್ನ ದೇಹವನ್ನೇ ಮೊದಲು ಪರೀಕ್ಷೆಗೆ ಒಡ್ಡಿದ ಒಬ್ಬ ವೈದ್ಯನ ಚರಿತ್ರೆಯನ್ನು ಇಲ್ಲಿ ಸಂಕ್ಷೇಪವಾಗಿ ಹೇಳುತ್ತೇವೆ. ಆತನು ಮಾಡಿದ ಉಪಕಾರವೂ ಆತನು ಕಾಣದೆ ಹೋದ ಅಪಾಯವೂ ಎರಡೂ ನಮಗೆ ಬುದ್ಧಿ ಕಲಿಸುವಂಥವುಗಳೇ ಆಗಿವೆ.

ಸ್ಕಾಟ್ಲೆಂಡ್ ದೇಶದ ಬಾತ್‌ಗೇಟ್ ಎಂಬ ಸಣ್ಣ ಊರಿನಲ್ಲಿ ಡೇವಿಡ್ ಸಿಂಪ್ಸನ್ ಎಂಬವನು ರೊಟ್ಟಿ ಸುಟ್ಟು ಮಾರಿ ಜೀವಿಸುತ್ತಿದ್ದನು. ಆತನ ಏಳನೆಯ ಮಗನಾಗಿ ಜೇಮ್ಸನು 1811ನೆಯ ಇಸವಿ ಜೂನ್ 7ನೆಯ ತಾರೀಖಿನಲ್ಲಿ ಹುಟ್ಟಿದನು. ಮನೆಯಲ್ಲಿ ಸಂಪತ್ತಿರಲಿಲ್ಲ, ತಾಯಿಯ ಭಕ್ತಿಯೂ ದುಡಿಮೆಯೂ ಇದ್ದವು. ಬಾಲಕನಿಗೆ ಒಂಬತ್ತು ವರುಷವಾಗಿದ್ದಾಗ ಆ ತಾಯಿಯು ತೀರಿಹೋದಳು. ಅಂದಿನಿಂದ ಅಕ್ಕನು ತಾಯಿಯಂತೆ ನೋಡಿಕೊಂಡಳು. ಅಣ್ಣಂದಿರು ತಮ್ಮ ದುಡಿಮೆಯಲ್ಲಿ ಒಂದು ಪಾಲನ್ನು ಈ ಚುರುಕು ಹುಡುಗನ ವಿದ್ಯೆಗೆಂದು ತೆಗೆದಿಟ್ಟರು. ಅಂಗಡಿಯಲ್ಲಿ ರೊಟ್ಟಿಯ ಬುಟ್ಟಿ ಹೊರುತ್ತಾ, ಬಿಡುವಾದಾಗ ಪುಸ್ತಕ ಓದುತ್ತಾ ಬೆಳೆದ ಜೇಮ್ಸನು ತನ್ನ ಹದಿನಾಲ್ಕನೆಯ ವಯಸ್ಸಿನಲ್ಲಿ, 1825ರಲ್ಲಿ, ಎಡಿನ್‌ಬರೋ ಪಟ್ಟಣದ ವಿಶ್ವವಿದ್ಯಾಲಯವನ್ನು ಸೇರಿದನು. ಒಬ್ಬನ ಓದಿಗಾಗಿ ಇಡೀ ಕುಟುಂಬವು ಹೊಟ್ಟೆ ಕಟ್ಟಿಕೊಳ್ಳುವುದು ನಮ್ಮ ಸಭೆಗಳವರಿಗೂ ಹೊಸ ಸಂಗತಿಯಲ್ಲ.

ವೈದ್ಯವಿದ್ಯೆಯನ್ನು ಕಲಿಯುತ್ತಿರುವಾಗ ಆತನ ಮನಸ್ಸನ್ನು ನಡುಗಿಸಿದ ಒಂದು ಸಂಗತಿಯು ನಡೆಯಿತು. ಆ ಕಾಲದಲ್ಲಿ ಶಸ್ತ್ರಕ್ರಿಯೆಯು ರೋಗಿಗೆ ಪೂರ್ಣವಾಗಿ ಎಚ್ಚರವಿರುವಾಗಲೇ ನಡೆಯುತ್ತಿತ್ತು. ಬಲವಾದ ಆಳುಗಳು ಕೈಕಾಲುಗಳನ್ನು ಹಿಡಿದುಕೊಳ್ಳುವರು. ಎಷ್ಟು ಬೇಗ ಕೊಯ್ದು ಮುಗಿಸುವನೋ ಅಷ್ಟು ಒಳ್ಳೆಯ ಶಸ್ತ್ರವೈದ್ಯನೆಂದು ಹೆಸರು ಬರುತ್ತಿತ್ತು. ರಾಬರ್ಟ್ ಲಿಸ್ಟನ್ ಎಂಬ ಪ್ರಸಿದ್ಧ ವೈದ್ಯನು ಬೆಟ್ಟದ ಸೀಮೆಯ ಒಬ್ಬ ಬಡ ಹೆಂಗಸಿನ ಎದೆಯ ಗಡ್ಡೆಯನ್ನು ತೆಗೆದುದನ್ನು ಸಿಂಪ್ಸನನು ಕಂಡನು. ಅವಳು ಪಟ್ಟ ಯಾತನೆಯನ್ನು ನೋಡಲಾರದೆ ಆತನು ಅಲ್ಲಿಂದ ಹೊರಟು, ವೈದ್ಯವೃತ್ತಿಯೇ ಬೇಡವೆಂದು ನಿಶ್ಚಯಿಸಿ, ನ್ಯಾಯಾಲಯದ ಬರವಣಿಗೆಯ ಕೆಲಸ ಹುಡುಕಲು ಹೋದನು. ಆದರೆ ದಾರಿಯಲ್ಲಿ ಮನಸ್ಸು ತಿರುಗಿತು. ನೋವಿನಿಂದ ಓಡಿಹೋಗುವುದರ ಬದಲಾಗಿ ನೋವನ್ನೇ ಓಡಿಸುವುದಕ್ಕೆ ಏನಾದರೂ ಮಾಡಬಾರದೇ ಎಂಬ ಪ್ರಶ್ನೆಯು ಆತನನ್ನು ಪಾಠಶಾಲೆಗೆ ಹಿಂದೆ ತಂದಿತು. ಆ ಪ್ರಶ್ನೆಗೆ ಉತ್ತರ ದೊರೆಯುವುದಕ್ಕೆ ಸುಮಾರು ಇಪ್ಪತ್ತು ವರುಷಗಳು ಬೇಕಾದವು.

1830ರಲ್ಲಿ, ಇನ್ನೂ ಹತ್ತೊಂಬತ್ತು ತುಂಬದಿರುವಾಗಲೇ, ಆತನು ಶಸ್ತ್ರವೈದ್ಯರ ಸಂಘದ ಪರೀಕ್ಷೆಯಲ್ಲಿ ತೇರ್ಗಡೆಯಾದನು. ಅದೇ ವರುಷ ತಂದೆಯೂ ತೀರಿಹೋದನು. 1832ರಲ್ಲಿ ವೈದ್ಯ ಪದವಿಯನ್ನು ಪಡೆದನು. 1839ರ ದಶಂಬರದಲ್ಲಿ ಲಿವರ್‌ಪೂಲಿನ ಜೆಸ್ಸಿ ಗ್ರಿಂಡ್ಲೇ ಎಂಬಾಕೆಯನ್ನು ವಿವಾಹವಾದನು. ಮರು ವರುಷದ ಫೆಬ್ರವರಿ 4ನೆಯ ತಾರೀಖಿನಲ್ಲಿ ಪ್ರಸವಶಾಸ್ತ್ರದ ಪ್ರೊಫೆಸರನ ಹುದ್ದೆಗೆ ನಗರಸಭೆಯವರು ಮತ ಹಾಕಿದಾಗ, ಒಂದೇ ಒಂದು ಮತದ ಹೆಚ್ಚಿಗೆಯಿಂದ ರೊಟ್ಟಿಯವನ ಮಗನು ಆರಿಸಲ್ಪಟ್ಟನು. ಆತನ ಮನೆಯ ಬಾಗಿಲಲ್ಲಿ ಸಿರಿವಂತರ ಗಾಡಿಗಳೂ ಬಡವರ ಗುಂಪೂ ಒಟ್ಟಾಗಿ ಕಾಣಿಸುತ್ತಿದ್ದವು.

ಅಷ್ಟರೊಳಗೆ ಸಮುದ್ರದ ಆಚೆಯಿಂದ ಒಂದು ಸುದ್ದಿಯು ಬಂದಿತು. ಅಮೆರಿಕದ ಬಾಸ್ಟನ್ ಪಟ್ಟಣದಲ್ಲಿ 1846ನೆಯ ಇಸವಿ ಒಕ್ಟೋಬರ್ 16ರಂದು ವಿಲ್ಯಂ ಮಾರ್ಟನ್ ಎಂಬ ಹಲ್ಲಿನ ವೈದ್ಯನು ಈಥರ್ ಎಂಬ ದ್ರವದ ಆವಿಯನ್ನು ಒಬ್ಬ ರೋಗಿಗೆ ಮೂಸಿಸಿ ನಿದ್ರೆ ಬರಿಸಿದನೆಂದೂ, ಆ ನಿದ್ರೆಯಲ್ಲಿಯೇ ಕುತ್ತಿಗೆಯ ಗಡ್ಡೆಯ ಶಸ್ತ್ರಕ್ರಿಯೆಯು ನಡೆಯಿತೆಂದೂ ತಿಳಿಯಿತು. ಅದೇ ದಶಂಬರದಲ್ಲಿ ಲಿಸ್ಟನನು ಲಂಡನಿನಲ್ಲಿ ಈಥರನ್ನು ಉಪಯೋಗಿಸಿದನು. 1847ರ ಜನವರಿ 19ರಂದು ಸಿಂಪ್ಸನನು ಕಷ್ಟಪ್ರಸವದ ಒಬ್ಬ ಸ್ತ್ರೀಗೆ ಅದನ್ನು ಕೊಟ್ಟು, ಪ್ರಸವದಲ್ಲಿಯೂ ಈ ಉಪಾಯವು ಸಾಧ್ಯವೆಂದು ತೋರಿಸಿದನು.

ಆದರೆ ಈಥರಿನಲ್ಲಿ ಕೆಲವು ಕೊರತೆಗಳಿದ್ದವು. ಅದರ ವಾಸನೆಯು ಕಟುವಾದುದು. ಮೂಸಿದವನಿಗೆ ಕೆಮ್ಮು ಬರುವುದು. ನಿದ್ರೆ ಬರುವುದು ತಡ. ಎದ್ದ ಮೇಲೆ ಓಕರಿಕೆಯೂ ಹೆಚ್ಚು. ಅಲ್ಲದೆ ಬೇಗನೆ ಬೆಂಕಿ ಹತ್ತುವ ಪದಾರ್ಥವಾದ್ದರಿಂದ ದೀಪದ ಬಳಿಯಲ್ಲಿ ಅಪಾಯವಿತ್ತು. ದೀರ್ಘ ಪ್ರಸವಕ್ಕೆ ದೊಡ್ಡ ದೊಡ್ಡ ಶೀಷೆಗಳನ್ನು ಹೊತ್ತುಕೊಂಡು ಬಡವರ ಎತ್ತರದ ಮಹಡಿಗಳನ್ನು ಹತ್ತಬೇಕಾಗಿತ್ತು. ಇದಕ್ಕಿಂತ ಮೇಲಾದ ಪದಾರ್ಥವೊಂದನ್ನು ಕಂಡುಹಿಡಿಯಬೇಕೆಂದು ಸಿಂಪ್ಸನನು ತನ್ನ ಇಬ್ಬರು ಸಹಾಯಕರಾದ ಜಾರ್ಜ್ ಕೀತ್ ಮತ್ತು ಮ್ಯಾಥ್ಯೂಸ್ ಡಂಕನ್ ಎಂಬವರೊಂದಿಗೆ ರಾತ್ರಿಯ ಊಟವಾದ ಮೇಲೆ ಬಗೆಬಗೆಯ ಆವಿಗಳನ್ನು ತಾನೇ ಮೂಸಿ ನೋಡುತ್ತಿದ್ದನು. ರೋಗಿಗೆ ಕೊಡುವುದಕ್ಕೆ ಮುಂಚೆ ತನ್ನ ಮೇಲೆಯೇ ಪ್ರಯೋಗ ಮಾಡಿಕೊಳ್ಳುವುದು ಆತನ ನಿಯಮವಾಗಿತ್ತು. ಲಿವರ್‌ಪೂಲಿನಲ್ಲಿ ಔಷಧಗಳನ್ನು ತಯಾರಿಸುತ್ತಿದ್ದ ಡೇವಿಡ್ ವಾಲ್ಡಿ ಎಂಬವನು ಕ್ಲೋರೋಫಾರಮನ್ನು ಪರೀಕ್ಷಿಸಬಹುದೆಂದು ಸೂಚಿಸಿದನು. ಈ ವಾಲ್ಡಿಯು ತರುವಾಯ 1853ರಲ್ಲಿ ನಮ್ಮ ದೇಶಕ್ಕೆ ಬಂದು ಕಲ್ಕತ್ತೆಯ ಬಳಿ ರಾಸಾಯನಿಕ ಕಾರ್ಖಾನೆಯನ್ನು ನಡಿಸಿ 1889ರಲ್ಲಿ ತೀರಿಕೊಂಡನು. ಆತನಿಗೆ ಸಲ್ಲತಕ್ಕ ಮಾನವು ಪೂರ್ಣವಾಗಿ ಸಲ್ಲಲಿಲ್ಲವೆಂಬುದನ್ನೂ ಇಲ್ಲಿ ಹೇಳುವುದು ನ್ಯಾಯವಾಗಿದೆ.

1847ನೆಯ ಇಸವಿ ನವಂಬರ್ 4ನೆಯ ತಾರೀಖಿನ ರಾತ್ರಿ, ಕ್ವೀನ್ ಸ್ಟ್ರೀಟಿನ 52ನೆಯ ನಂಬ್ರದ ಮನೆಯಲ್ಲಿ, ಆ ಮೂವರು ಗಾಜಿನ ಬಟ್ಟಲುಗಳಲ್ಲಿ ಕ್ಲೋರೋಫಾರಮನ್ನು ಹಾಕಿಕೊಂಡು ಮೂಸಿದರು. ಮೊದಲು ಅವರಿಗೆ ಬಹಳ ಉಲ್ಲಾಸವಾಯಿತು, ಮಾತು ಹೆಚ್ಚಾಯಿತು, ಆಮೇಲೆ ಒಮ್ಮೆಗೆ ಮೂವರೂ ನೆಲಕ್ಕೆ ಉರುಳಿದರು. ಎಚ್ಚರವಾದಾಗ, ಹುಡುಕುತ್ತಿದ್ದುದು ಸಿಕ್ಕಿತೆಂದು ಸಿಂಪ್ಸನನಿಗೆ ಗೊತ್ತಾಯಿತು. ಕೆಲವೇ ದಿವಸಗಳಲ್ಲಿ ಪ್ರಸವಗಳಲ್ಲಿ ಅದನ್ನು ಉಪಯೋಗಿಸಿ, ನವಂಬರ್ 10ರಂದು ವೈದ್ಯರ ಸಂಘದಲ್ಲಿ ಅದರ ವರದಿಯನ್ನು ಓದಿದನು. 15ನೆಯ ತಾರೀಖಿನಲ್ಲಿ ಎಡಿನ್‌ಬರೋ ದೊಡ್ಡಾಸ್ಪತ್ರೆಯಲ್ಲಿ ಎಲ್ಲರ ಕಣ್ಣೆದುರಿಗೆ ಪರೀಕ್ಷೆಯಾಯಿತು. ಇಂಗ್ಲಿಷ್ ಅರಿಯದ, ಬೆಟ್ಟದ ಸೀಮೆಯ ಮಾತನ್ನು ಮಾತ್ರ ಬಲ್ಲ ಒಬ್ಬ ಸಣ್ಣ ಹುಡುಗನ ಮುಂಗೈಯಲ್ಲಿ ಕೊಳೆತಿದ್ದ ಎಲುಬನ್ನು ತೆಗೆಯಬೇಕಾಗಿತ್ತು. ಹುಡುಗನು ಕರವಸ್ತ್ರದಲ್ಲಿದ್ದ ಆವಿಯನ್ನು ಮೂಸಿ ನಿದ್ರೆಹೋದನು; ಕೆಲಸವು ಮುಗಿಯಿತು; ಆತನು ಅಳದೆ, ನರಳದೆ, ಪ್ರಸನ್ನವಾದ ಕಣ್ಣುಗಳಿಂದ ಎಚ್ಚತ್ತನು. ಲಿಸ್ಟನನ ಮುಂದೆ ಮಲಗಿದ್ದ ಆ ಬಡ ಹೆಂಗಸನ್ನು ಕಂಡು ಓಡಿಹೋಗಿದ್ದ ವಿದ್ಯಾರ್ಥಿಯ ಪ್ರಶ್ನೆಗೆ ಈ ಹುಡುಗನ ಮುಖದಲ್ಲಿ ಉತ್ತರ ದೊರೆಯಿತು.

ಆದಾಗ್ಯೂ ವಿರೋಧವು ಇಲ್ಲದೆ ಇರಲಿಲ್ಲ. ನೋವು ದೇವರು ನೇಮಿಸಿದ್ದು, ಅದರಲ್ಲಿಯೂ ಪ್ರಸವದ ನೋವು ಹವ್ವಳಿಗೆ ಬಂದ ತೀರ್ಪು, ಅದನ್ನು ತಪ್ಪಿಸುವುದು ಪಾಪವೆಂದು ಕೆಲವರು ಆಕ್ಷೇಪಿಸಿದರು. ಆಕ್ಷೇಪಿಸಿದ ಬೋಧಕರ ಸಂಖ್ಯೆಯು ಜನರು ತರುವಾಯ ಹೇಳಿಕೊಂಡಷ್ಟು ದೊಡ್ಡದಾಗಿರಲಿಲ್ಲ, ವೈದ್ಯರಲ್ಲಿಯೂ ವಿರೋಧಿಗಳಿದ್ದರು. ಸಿಂಪ್ಸನನು ಅದೇ ವರುಷದ ದಶಂಬರದಲ್ಲಿ ಒಂದು ಚಿಕ್ಕ ಪುಸ್ತಕವನ್ನು ಬರೆದು ಸತ್ಯವೇದದಿಂದಲೇ ಉತ್ತರ ಕೊಟ್ಟನು. ದೇವರು ಆದಾಮನ ಪಕ್ಕೆಯ ಎಲುಬನ್ನು ತೆಗೆಯುವುದಕ್ಕೆ ಮೊದಲು ಅವನಿಗೆ ಗಾಢ ನಿದ್ರೆಯನ್ನು ಬರಮಾಡಿದನೆಂಬ ಆದಿಕಾಂಡದ ಎರಡನೆಯ ಅಧ್ಯಾಯದ ಸಂಗತಿಯನ್ನು ಆತನು ಎತ್ತಿ ತೋರಿಸಿದನು. ಭೂಮಿಗೆ ಬಂದ ಶಾಪದ ಮುಳ್ಳುಗಳನ್ನು ಕೀಳುವುದು ರೈತನಿಗೆ ಪಾಪವಲ್ಲದಿದ್ದರೆ, ತಾಯಿಯ ವೇದನೆಯನ್ನು ತಗ್ಗಿಸುವುದು ವೈದ್ಯನಿಗೆ ಪಾಪವಾಗಲಾರದೆಂಬುದು ಆತನ ವಾದದ ಸಾರವಾಗಿತ್ತು. 1853ರ ಎಪ್ರಿಲ್ 7ರಂದು ವಿಕ್ಟೋರಿಯಾ ರಾಣಿಯು ತನ್ನ ಮಗನಾದ ಲಿಯೊಪೋಲ್ಡನನ್ನು ಹೆರುವಾಗ ಕ್ಲೋರೋಫಾರಮನ್ನು ಮೂಸಿದ ಮೇಲೆ ಈ ವಿವಾದವು ಬಹುಮಟ್ಟಿಗೆ ಅಡಗಿತು.

ಈಗ ಈ ಚರಿತ್ರೆಯ ದುಃಖಕರವಾದ ಭಾಗಕ್ಕೆ ಬರುತ್ತೇವೆ. ಕ್ಲೋರೋಫಾರಮು ಬಳಕೆಗೆ ಬಂದು ಮೂರು ತಿಂಗಳು ತುಂಬುವುದಕ್ಕೆ ಮುಂಚೆಯೇ, 1848ರ ಜನವರಿ 28ರಂದು, ಇಂಗ್ಲೆಂಡಿನ ನ್ಯೂಕಾಸಲ್ ಪಟ್ಟಣದ ಬಳಿಯ ವಿನ್ಲೇಟನ್ ಎಂಬ ಹಳ್ಳಿಯಲ್ಲಿ ಹ್ಯಾನಾ ಗ್ರೀನರ್ ಎಂಬ ಹದಿನೈದು ವರುಷದ ಹುಡುಗಿಗೆ ಮನೆಯಲ್ಲಿಯೇ ಶಸ್ತ್ರಕ್ರಿಯೆ ಮಾಡಬೇಕಾಯಿತು. ಕೆಲಸವು ಬಹಳ ಸಣ್ಣದು. ಕಾಲ್ಬೆರಳಿನ ಉಗುರನ್ನು ತೆಗೆಯುವುದು. ಕೆಲವು ತಿಂಗಳ ಹಿಂದೆ ಇಂಥಾದ್ದೇ ಕೆಲಸವು ಈಥರಿನ ನಿದ್ರೆಯಲ್ಲಿ ನಡೆದು, ಆಕೆಯು ಬದುಕಿ ಉಳಿದಿದ್ದಳು. ಈ ಸಾರಿ ಬಟ್ಟೆಯ ಮೇಲೆ ಒಂದು ಚಮಚದಷ್ಟು ಕ್ಲೋರೋಫಾರಮನ್ನು ಹಾಕಿ ಮೂಸಿಸಿದರು. ಕೆಲವು ನಿಮಿಷಗಳೊಳಗೆ ಆಕೆಯ ಮುಖವು ಬಿಳಿಚಿತು. ನೀರನ್ನು ಎರಚಿದರೂ ಬ್ರಾಂದಿಯನ್ನು ಬಾಯಿಗೆ ಹಾಕಿದರೂ ಉಪಯೋಗವಾಗಲಿಲ್ಲ. ಆಕೆಯು ಏಳಲೇ ಇಲ್ಲ. ನಿದ್ರೆ ಬೇಗ ಬರುವುದೂ ಪದಾರ್ಥವು ಸ್ವಲ್ಪವೇ ಸಾಕಾಗುವುದೂ ಯಾವುದನ್ನು ಶ್ರೇಷ್ಠವೆಂದು ತೋರಿಸಿದ್ದವೋ, ಅದೇ ಗುಣಗಳಲ್ಲಿ ಅದರ ಅಪಾಯವೂ ಅಡಗಿತ್ತು. ಬೇಗ ನಿದ್ರೆ ತರುವಂಥಾದ್ದು ಬೇಗ ಮಿತಿಮೀರಲೂ ಬಹುದು.

ಸಿಂಪ್ಸನನು ಈ ಸಾವಿಗೆ ಕ್ಲೋರೋಫಾರಮು ಕಾರಣವಲ್ಲವೆಂದೂ, ನೀರೂ ಬ್ರಾಂದಿಯೂ ಗಂಟಲಲ್ಲಿ ಸಿಕ್ಕಿಕೊಂಡು ಉಸಿರು ಕಟ್ಟಿತೆಂದೂ ವಾದಿಸಿದನು. ಪ್ರಜ್ಞೆಯಿಲ್ಲದವರ ಬಾಯಿಗೆ ಏನನ್ನೂ ಹಾಕಬಾರದೆಂಬುದು ನಿಜವೇ. ಆದರೆ ತಾನು ಕಂಡುಹಿಡಿದುದರಲ್ಲಿ ದೋಷವಿದೆಯೆಂದು ಒಪ್ಪಲು ಆತನ ಮನಸ್ಸಿಗೆ ಕಷ್ಟವಾಯಿತು. ಬೇರೊಬ್ಬ ವೈದ್ಯನು ಮತ್ತೊಂದು ದಾರಿಯನ್ನು ಹಿಡಿದನು. ಆತನೇ ಲಂಡನಿನ ಜಾನ್ ಸ್ನೋ. ನೀರಿನಿಂದ ಕಾಲರಾ ಹರಡುವುದೆಂದು 1854ರಲ್ಲಿ ಬ್ರಾಡ್ ಸ್ಟ್ರೀಟಿನ ಪಂಪಿನ ಬಳಿ ತೋರಿಸಿದವನು, ರಾಣಿಗೆ ಕ್ಲೋರೋಫಾರಮನ್ನು ಕೊಟ್ಟವನು ಈತನೇ. ಉಸಿರಿನ ಗಾಳಿಯಲ್ಲಿ ನೂರಕ್ಕೆ ಎಷ್ಟು ಪಾಲು ಆವಿಯಿದ್ದರೆ ನಿದ್ರೆ, ಎಷ್ಟಾದರೆ ಮರಣ ಎಂಬುದನ್ನು ಸ್ನೋ ಅಳೆದು, ಆವಿಯನ್ನು ಮಿತಿಯಲ್ಲಿ ಕೊಡುವ ಯಂತ್ರವನ್ನು ಮಾಡಿದನು. ಸಂಭವಿಸಿದ ಮರಣಗಳನ್ನು ಅಡಗಿಸದೆ ಒಂದೊಂದನ್ನೇ ಬರೆದಿಟ್ಟನು. ಆತನ ದೊಡ್ಡ ಪುಸ್ತಕವು 1858ರಲ್ಲಿ, ಆತನು ತೀರಿಹೋದ ವರುಷದಲ್ಲಿಯೇ, ಅಚ್ಚಾಯಿತು. ಸಿಂಪ್ಸನನಲ್ಲಿ ಕರುಣೆಯ ಬೆಂಕಿಯಿತ್ತು. ಸ್ನೋವಿನಲ್ಲಿ ಅಳತೆಯ ಕೋಲಿತ್ತು. ರೋಗಿಗೆ ಎರಡೂ ಬೇಕು.

ಕೀರ್ತಿಯು ಬೆಳೆಯುತ್ತಿರುವಾಗ ಮನೆಯಲ್ಲಿ ಶೋಕವೂ ಬೆಳೆಯಿತು. 1844ರಲ್ಲಿ ಚೊಚ್ಚಲ ಮಗಳಾದ ಮ್ಯಾಗಿಯು ಸತ್ತಿದ್ದಳು. ಇತರರ ಮನೆಗಳಲ್ಲಿ ನೋವನ್ನು ನಿದ್ರೆಗೊಳಿಸಿದವನಿಗೆ ತನ್ನ ಎದೆಯ ನೋವಿಗೆ ಔಷಧವಿರಲಿಲ್ಲ. 1843ರಲ್ಲಿ ಸ್ಕಾಟ್ಲೆಂಡಿನ ಸಭೆಯು ಒಡೆದಾಗ ಆತನು ಸ್ವತಂತ್ರ ಸಭೆಯನ್ನು ಸೇರಿದ್ದನು. ಆದರೂ ಬಿಡುವಿಲ್ಲದ ಕೆಲಸದಲ್ಲಿ ಆತ್ಮದ ವಿಚಾರವು ಹಿಂದೆ ಬಿದ್ದಿತ್ತು. 1861ನೆಯ ಇಸವಿಯ ಕೊನೆಯಲ್ಲಿ, ಕ್ರಿಸ್ತ ಜಯಂತಿಯ ಕಾಲದಲ್ಲಿ, ಆತನು ಕರ್ತನ ಪಾದದ ಬಳಿಯಲ್ಲಿ ನಿಜವಾದ ಸಮಾಧಾನವನ್ನು ಕಂಡುಕೊಂಡನು. ಅಂದಿನಿಂದ ಕೂಲಿಯವರ ಮತ್ತು ವಿದ್ಯಾರ್ಥಿಗಳ ಕೂಟಗಳಲ್ಲಿ ನಿಂತು ಸಾಕ್ಷಿ ಹೇಳಲು ನಾಚಲಿಲ್ಲ. ಆತನ ಅತಿ ದೊಡ್ಡ ಶೋಧವು ಯಾವುದೆಂದು ಕೇಳಿದವರಿಗೆ, ತಾನು ಪಾಪಿಯೆಂದೂ ತನಗೊಬ್ಬ ರಕ್ಷಕನಿದ್ದಾನೆಂದೂ ತಿಳಿದುದೇ ಎಂಬರ್ಥದ ಉತ್ತರವನ್ನು ಕೊಟ್ಟನೆಂಬ ವೃತ್ತಾಂತವು ಸಭೆಗಳಲ್ಲಿ ಬಹುಕಾಲದಿಂದ ಹೇಳಲ್ಪಡುತ್ತಾ ಬಂದಿದೆ. ತರುವಾಯದ ವರುಷಗಳಲ್ಲಿ ಆ ಸಮಾಧಾನವು ಪರೀಕ್ಷಿಸಲ್ಪಟ್ಟಿತು. 1862ರಲ್ಲಿ ಮಗನಾದ ಜೇಮಿಯು ಹೋದನು. 1866ರಲ್ಲಿ ರಾಣಿಯು ಆತನಿಗೆ ಬ್ಯಾರೊನೆಟ್ ಪದವಿಯನ್ನು ಕೊಟ್ಟ ಕಾಲದಲ್ಲಿಯೇ, ವೈದ್ಯನಾಗಿದ್ದ ಹಿರಿಯ ಮಗನಾದ ಡೇವಿಡನೂ ಮಗಳಾದ ಜೆಸ್ಸಿಯೂ ಕೆಲವೇ ವಾರಗಳ ಅಂತರದಲ್ಲಿ ತೀರಿಹೋದರು.

ಆತನ ಕಡೆಯ ಕೆಲಸವು ನಮ್ಮ ವಿಷಯಕ್ಕೆ ಬಹಳ ಹತ್ತಿರವಾದುದು. ಶಸ್ತ್ರಕ್ರಿಯೆಯಲ್ಲಿ ನೋವಿಲ್ಲದಿದ್ದರೂ ಜನರು ಆಸ್ಪತ್ರೆಯಲ್ಲಿ ಜ್ವರದಿಂದಲೂ ಹುಣ್ಣು ಕೊಳೆಯುವುದರಿಂದಲೂ ಸಾಯುತ್ತಿದ್ದರು. ಸಿಂಪ್ಸನನು ದೇಶದ ಹಳ್ಳಿ ವೈದ್ಯರಿಗೆಲ್ಲಾ ಪತ್ರ ಬರೆದು, ಕೈಕಾಲುಗಳನ್ನು ಕತ್ತರಿಸಿದ ರೋಗಿಗಳ ಲೆಕ್ಕವನ್ನು ತರಿಸಿ, 1869ರಲ್ಲಿ ಪ್ರಕಟಿಸಿದನು. ದೊಡ್ಡ ಆಸ್ಪತ್ರೆಗಳಲ್ಲಿ ಇಂಥಾ 2,089 ಮಂದಿಯಲ್ಲಿ 855 ಮಂದಿ ಸತ್ತಿದ್ದರು. ಹಳ್ಳಿಗಳಲ್ಲಿ, ತಮ್ಮ ತಮ್ಮ ಮನೆಗಳಲ್ಲಿ ಮಲಗಿದ 2,098 ಮಂದಿಯಲ್ಲಿ 226 ಮಂದಿ ಮಾತ್ರ ಸತ್ತಿದ್ದರು. ಬಡವನ ಗುಡಿಸಲು ರೋಗಿಗೆ ಅರಮನೆಯಂಥಾ ಆಸ್ಪತ್ರೆಗಿಂತ ಕ್ಷೇಮವೆಂದು ಈ ಲೆಕ್ಕದಿಂದ ಆತನು ವಾದಿಸಿದನು. ಎರಡು ಕಡೆಗಳ ರೋಗಿಗಳು ಒಂದೇ ತರದವರಾಗಿದ್ದರೇ ಎಂಬ ಪ್ರಶ್ನೆಯನ್ನು ಆ ಕಾಲದವರೂ ಕೇಳಿದರು. ಗಾಯಗಳನ್ನು ಕಾರ್ಬಾಲಿಕ್ ಆಮ್ಲದಿಂದ ಶುದ್ಧಮಾಡಿ ಈ ಕೇಡನ್ನು ತಪ್ಪಿಸಲು ಜೋಸೆಫ್ ಲಿಸ್ಟರನು 1867ರಲ್ಲಿಯೇ ತೋರಿಸಿದ್ದ ಮಾರ್ಗವನ್ನು ಸಿಂಪ್ಸನನು ಎದುರಿಸಿದ್ದು ಆತನ ಇನ್ನೊಂದು ತಪ್ಪು. ಆದರೆ ರೋಗಿಯು ಎಲ್ಲಿ ಮಲಗಿ ಗುಣಹೊಂದುವನೆಂಬುದೂ ಚಿಕಿತ್ಸೆಯ ಒಂದು ಭಾಗವೇ ಎಂದು ಲೆಕ್ಕವಿಟ್ಟು ಕೇಳಿದವರಲ್ಲಿ ಆತನು ಮುಂದಿನವನು.

1870ನೆಯ ಇಸವಿ ಮೇ 6ನೆಯ ತಾರೀಖಿನಲ್ಲಿ ಸಿಂಪ್ಸನನು ಹೃದಯದ ಬೇನೆಯಿಂದ, ಅದೇ ಕ್ವೀನ್ ಸ್ಟ್ರೀಟಿನ ಮನೆಯಲ್ಲಿ ನಿದ್ರೆಹೊಂದಿದನು. ವಿದ್ಯೆಗೆ ಹಣ ಕೊಟ್ಟು ಸಲಹಿದ ಅಣ್ಣನಾದ ಸ್ಯಾಂಡಿಯು ಕೊನೆಯ ರಾತ್ರಿಯಲ್ಲಿ ಬಳಿಯಲ್ಲಿ ಕುಳಿತಿದ್ದನು. ಅರಸರನ್ನು ಹೂಣಿಟ್ಟಿರುವ ವೆಸ್ಟ್‌ಮಿನ್‌ಸ್ಟರ್ ದೇವಾಲಯದಲ್ಲಿ ಸ್ಥಳ ಕೊಡಲು ದೊಡ್ಡವರು ಸಿದ್ಧರಿದ್ದರೂ, ಕುಟುಂಬದವರು ಆತನನ್ನು ಎಡಿನ್‌ಬರೋ ಪಟ್ಟಣದ ವಾರಿಸ್ಟನ್ ಸ್ಮಶಾನದಲ್ಲಿ, ಮೊದಲೇ ಹೋದ ಮಕ್ಕಳ ಬಳಿಯಲ್ಲಿ ಮಲಗಿಸಿದರು. ದಾರಿಯ ಎರಡೂ ಬದಿಗಳಲ್ಲಿ ಸಾವಿರಾರು ಜನರು, ಅವರಲ್ಲಿ ಅನೇಕ ಬಡವರು, ಅಳುತ್ತಾ ನಿಂತಿದ್ದರು.

ಆತನೊಂದಿಗೆ ವಿವಾದವು ಸಾಯಲಿಲ್ಲ. ಅದು ನಮ್ಮ ದೇಶಕ್ಕೂ ಬಂದಿತು. ರಾಯಚೂರು, ಕಲಬುರ್ಗಿ, ಬೀದರ್ ಎಂಬ ನಮ್ಮ ಕನ್ನಡ ಜಿಲ್ಲೆಗಳು ನಿಜಾಮನ ರಾಜ್ಯಕ್ಕೆ ಸೇರಿದ್ದ ಕಾಲದಲ್ಲಿ, ಹೈದರಾಬಾದಿನಲ್ಲಿ ಎಡ್ವರ್ಡ್ ಲಾರಿ ಎಂಬ ವೈದ್ಯನಿದ್ದನು. ಈತನು ಎಡಿನ್‌ಬರೋ ಪಟ್ಟಣದಲ್ಲಿ ಕಲಿತವನು. ಉಸಿರಾಟವನ್ನು ನೋಡಿಕೊಂಡರೆ ಸಾಕು, ಕ್ಲೋರೋಫಾರಮು ಹೃದಯವನ್ನು ನಿಲ್ಲಿಸುವುದಿಲ್ಲವೆಂದು ನಂಬಿದವನು. ಇದನ್ನು ಸ್ಥಾಪಿಸುವುದಕ್ಕಾಗಿ ನಿಜಾಮನ ಸರಕಾರದ ಖರ್ಚಿನಲ್ಲಿ 1888ರಲ್ಲಿ ಒಂದು, 1889ರಲ್ಲಿ ಇನ್ನೊಂದು ಕಮಿಶನ್ ಕೂಡಿ ಪ್ರಾಣಿಗಳ ಮೇಲೆ ಪರೀಕ್ಷೆ ನಡಿಸಿದವು. ಎರಡನೆಯದಕ್ಕೆ ಲಂಡನಿನಿಂದ ಲಾಡರ್ ಬ್ರಂಟನ್ ಎಂಬ ಪಂಡಿತನು ಬಂದನು. ಉಸಿರೇ ಮೊದಲು ನಿಲ್ಲುವುದೆಂದು ಕಮಿಶನಿನವರು ತೀರ್ಮಾನಿಸಿದರು. ಆದರೆ 1911ರಲ್ಲಿ ಲೆವಿ ಎಂಬ ವೈದ್ಯನು, ನಿದ್ರೆಯು ಇನ್ನೂ ಹಗುರವಾಗಿರುವಾಗಲೇ ಕ್ಲೋರೋಫಾರಮು ಹೃದಯದ ಬಡಿತವನ್ನು ಒಮ್ಮೆಗೆ ಕೆಡಿಸಿ ನಿಲ್ಲಿಸಬಲ್ಲುದೆಂದು ತೋರಿಸಿದನು. ವಿನ್ಲೇಟನಿನ ಹುಡುಗಿಯ ಮರಣದ ಗುಟ್ಟು ಹೀಗಿರಬಹುದೆಂದು ಅರವತ್ತಮೂರು ವರುಷಗಳ ಮೇಲೆ ಗೊತ್ತಾಯಿತು. ಬರಬರುತ್ತಾ ಅದಕ್ಕಿಂತ ಕ್ಷೇಮವಾದ ಔಷಧಗಳು ಬಂದು, ಕ್ಲೋರೋಫಾರಮು ಶಸ್ತ್ರಕ್ರಿಯೆಯ ಕೋಣೆಯಿಂದ ಹೊರಗೆ ಹೋಯಿತು.

ಮನೆಯಲ್ಲಿ ಗುಣಹೊಂದುವ ವಿಚಾರವೂ ಸಿಂಪ್ಸನನ ದೇಶದಲ್ಲಿಯೇ ಫಲಕೊಟ್ಟಿತು. ಗ್ಲಾಸ್ಗೋ ಪಟ್ಟಣದ ಮಕ್ಕಳ ಆಸ್ಪತ್ರೆಗೆ ಸೇರಿದ ಔಷಧಶಾಲೆಯಲ್ಲಿ ಜೇಮ್ಸ್ ನಿಕೊಲ್ ಎಂಬ ಶಸ್ತ್ರವೈದ್ಯನು ಹತ್ತು ವರುಷಗಳಲ್ಲಿ 8,988 ಶಸ್ತ್ರಕ್ರಿಯೆಗಳನ್ನು ಮಾಡಿ, ಮಕ್ಕಳನ್ನು ಅದೇ ದಿನ ಮನೆಗೆ ಕಳುಹಿಸಿದನೆಂದು 1909ರಲ್ಲಿ ವರದಿ ಮಾಡಿದನು. ಅವುಗಳಲ್ಲಿ ಸೀಳ್ತುಟಿ, ಹರ್ನಿಯಾ ಮೊದಲಾದವು ಇದ್ದವು; ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿ ಮೂರು ವರುಷದೊಳಗಿನವರು. ಹಾಲೂಡುವ ತಾಯಿಯ ಮಡಿಲಿನಲ್ಲಿ ಕೂಸು ಹೆಚ್ಚು ಶಾಂತವಾಗಿರುವುದೆಂದು ಆತನು ಕಂಡನು. ಆದರೆ ಕಳುಹಿಸಿ ಕೈತೊಳೆದುಕೊಳ್ಳಲಿಲ್ಲ. ದಾದಿಯರು ದಿನಾಲು ಆ ಮನೆಗಳಿಗೆ ಹೋಗಿ ನೋಡುತ್ತಿದ್ದರು. ದಿನದಲ್ಲೇ ಮುಗಿಯುವ ಶಸ್ತ್ರಕ್ರಿಯೆಗೆ ನಿಕೊಲನನ್ನೇ ಮೂಲಪುರುಷನೆಂದು ಎಣಿಸುತ್ತಾರೆ.

ಇಂದು ಈ ಕ್ರಮವು ನಮ್ಮ ಬಾಗಿಲಿಗೂ ಬಂದಿದೆ. ಉಡುಪಿಯಲ್ಲಿ 1923ರಲ್ಲಿ ಬಾಸೆಲ್ ಮಿಶನಿನ ವೈದ್ಯೆಯಾದ ಈವಾ ಲೊಂಬಾರ್ಡಮ್ಮನವರು ಹೆಂಗಸರಿಗೂ ಮಕ್ಕಳಿಗೂ ಆಸ್ಪತ್ರೆಯನ್ನು ತೆರೆದರು; 1953ರಲ್ಲಿ ಮಣಿಪಾಲದಲ್ಲಿ ವೈದ್ಯಕೀಯ ಕಾಲೇಜು ಹುಟ್ಟಿತು. ಅರಿವಳಿಕೆಯ ಮಾರ್ಗಗಳೂ ಈಗ ಒಂದೆರಡಲ್ಲ. ಮುಖ್ಯವಾದವುಗಳ ಗುಣದೋಷಗಳನ್ನು ವಾಚಕರು ತಿಳಿದಿರುವುದು ಒಳ್ಳೆಯದು. ಮೊದಲನೆಯದು, ಕೊಯ್ಯುವ ಸ್ಥಳವನ್ನು ಮಾತ್ರ ಮರಗಟ್ಟಿಸುವ ಚುಚ್ಚುಮದ್ದು. ಇದರಲ್ಲಿ ಬುದ್ಧಿ ಮಂಕಾಗುವುದಿಲ್ಲ, ಓಕರಿಕೆಯು ಕಡಿಮೆ, ಮನೆಗೆ ಹೋಗುವುದು ಎಲ್ಲಕ್ಕಿಂತ ಬೇಗ. ಕಣ್ಣಿನ ಪೊರೆಗೂ ಚಿಕ್ಕ ಗಡ್ಡೆಗಳಿಗೂ ಎಷ್ಟೋ ಹರ್ನಿಯಾಗಳಿಗೂ ಇದು ಸಾಕಾಗುತ್ತದೆ. ಎರಡನೆಯದು, ಬೆನ್ನಿಗೆ ಕೊಡುವ ಚುಚ್ಚುಮದ್ದು. ಇದನ್ನು 1898ರಲ್ಲಿ ಜರ್ಮನಿಯ ಔಗುಸ್ಟ್ ಬೀರ್ ಎಂಬವನು ಮೊದಲು ಶಸ್ತ್ರಕ್ರಿಯೆಗೆ ಉಪಯೋಗಿಸಿದನು. ರೋಗಿಗೆ ಎಚ್ಚರವಿದ್ದರೂ ಸೊಂಟದ ಕೆಳಗೆ ನೋವಿಲ್ಲ. ಆದರೆ ಕಾಲುಗಳ ಬಲವು ತಿರುಗಿ ಬರಲು ಕೆಲವು ತಾಸುಗಳು ಬೇಕು. ಕೆಲವರಿಗೆ ಮೂತ್ರ ಹೋಗಲು ತಡವಾಗುವುದು. ಕೆಲವರಿಗೆ ತಲೆನೋವು ಬರುವುದೂ ಉಂಟು. ಮೂರನೆಯದು, ಪೂರ್ಣ ನಿದ್ರೆ. ಹಿಂದೆ 1934ರಿಂದ ಥಯೋಪೆಂಟೋನ್ ಎಂಬ ಮದ್ದನ್ನು ನರದಲ್ಲಿ ಕೊಡುತ್ತಿದ್ದರು. ಅದರ ಮಂಪರು ಬಹಳ ಹೊತ್ತು ಉಳಿಯುತ್ತಿತ್ತು. 1980ರ ದಶಕದಲ್ಲಿ ಬಂದ ಪ್ರೊಪೊಫಾಲ್ ಎಂಬ ಹಾಲಿನ ಬಣ್ಣದ ಮದ್ದಿನಲ್ಲಿ ರೋಗಿಯು ಬೇಗನೆ, ತಿಳಿಯಾದ ಬುದ್ಧಿಯಿಂದ ಏಳುತ್ತಾನೆ; ವಾಂತಿಯೂ ಕಡಿಮೆ. ಸೆವೊಫ್ಲುರೇನ್ ಎಂಬ ಆವಿಯಿಂದಲೂ ಎಚ್ಚರವು ಬೇಗ ಬರುವುದಾದರೂ ಓಕರಿಕೆಯು ಪ್ರೊಪೊಫಾಲಿಗಿಂತ ಹೆಚ್ಚು. ಆದುದರಿಂದ ಎಲ್ಲರಿಗೂ ಇದೇ ಉತ್ತಮವೆಂದು ಹೇಳುವಂಥಾ ಒಂದೇ ಮಾರ್ಗವಿಲ್ಲ. ರೋಗಿಯ ವಯಸ್ಸು, ಹೃದಯ, ಶ್ವಾಸ, ಆಗತಕ್ಕ ಕೆಲಸ ಇವುಗಳನ್ನು ನೋಡಿ ವೈದ್ಯರು ಆರಿಸಬೇಕು. ಆರಿಸಿದುದಕ್ಕೆ ಕಾರಣವೇನೆಂದು ರೋಗಿಯು ಮರ್ಯಾದೆಯಿಂದ ಕೇಳಿ ತಿಳಿದುಕೊಳ್ಳಬಹುದು.

ವಿನ್ಲೇಟನಿನ ಆ ಹುಡುಗಿಯ ಹಾಸಿಗೆಯ ಬಳಿ ಇಲ್ಲದಿದ್ದುದು ಯಾವುದು? ಅಳತೆಯಿರಲಿಲ್ಲ. ಇಂದು ಕೊಯ್ಯುವವರು ಒಬ್ಬರು, ನಿದ್ರೆಯನ್ನು ಕಾಯುವವರು ಮತ್ತೊಬ್ಬರು. ಉಸಿರನ್ನೂ ನಾಡಿಯನ್ನೂ ಎರಡನ್ನೂ ನೋಡುತ್ತಾರೆ. ರಕ್ತದಲ್ಲಿ ಆಮ್ಲಜನಕವು ಎಷ್ಟಿದೆಯೆಂದು ಬೆರಳಿಗೆ ಹಾಕಿದ ಸಣ್ಣ ಯಂತ್ರವು ಕ್ಷಣಕ್ಷಣಕ್ಕೂ ತಿಳಿಸುತ್ತದೆ. ಆದರೆ ಸಾಯಂಕಾಲ ಮನೆಗೆ ಬಂದ ಮೇಲೆ ಆ ಕಾವಲು ಮನೆಯವರ ಕೈಗೆ ಬರುತ್ತದೆ. ಇದನ್ನು ಹಗುರವಾಗಿ ಎಣಿಸಬಾರದು.

ಪೂರ್ಣ ನಿದ್ರೆ ಅಥವಾ ಬೆನ್ನಿನ ಚುಚ್ಚುಮದ್ದು ಆಗುವುದಿದ್ದರೆ ಮುಂಚಿನ ಆರು ತಾಸು ಗಂಜಿ, ಹಾಲು, ಚಹಾ ಮೊದಲಾದವುಗಳನ್ನು ಬಿಡಬೇಕು. ಶುದ್ಧ ನೀರನ್ನು ಎರಡು ತಾಸು ಮುಂಚಿನವರೆಗೆ ಕುಡಿಯಬಹುದು. ವೈದ್ಯರು ಬೇರೆ ಹೇಳಿದರೆ ಅದರಂತೆಯೇ ನಡೆಯಬೇಕು. ನಿದ್ರೆಯಲ್ಲಿ ಹೊಟ್ಟೆಯಲ್ಲಿದ್ದುದು ಶ್ವಾಸಕ್ಕೆ ಇಳಿಯದಂತೆ ಈ ನಿಯಮವಿದೆ. ಮಗುವಿನ ಹಸಿವನ್ನು ನೋಡಲಾರದೆ ಗುಟ್ಟಾಗಿ ತಿನ್ನಿಸುವ ಅಜ್ಜಿಯ ಪ್ರೀತಿಯು ಅಂದು ಅಪಾಯವಾದೀತು. ಮನೆಗೆ ಬಂದ ಮೇಲೆ ಒಂದು ಹಗಲೂ ಒಂದು ರಾತ್ರಿಯೂ ಬಲ್ಲವರಾದ ಒಬ್ಬರು ಜೊತೆಗಿರಬೇಕು. ರೋಗಿಯು ಎದ್ದು ಮಾತನಾಡಿದರೂ ಆ ಇಪ್ಪತ್ತನಾಲ್ಕು ತಾಸು ವಾಹನ ನಡಿಸುವುದು, ದೋಣಿಯಲ್ಲಿ ಹೋಗುವುದು, ಬಾವಿಯಿಂದ ನೀರು ಸೇದುವುದು, ಕಾಗದಪತ್ರಗಳಿಗೆ ರುಜು ಹಾಕುವುದು ಬೇಡ. ರಕ್ತ ನಿಲ್ಲದಿದ್ದರೆ, ವಾಂತಿ ಬಿಡದಿದ್ದರೆ, ಮೂತ್ರ ಹೋಗದಿದ್ದರೆ, ಉಸಿರು ಕಷ್ಟವಾದರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ತಿಳಿಸಬೇಕು. ಆಷಾಢದ ಮಳೆಯ ರಾತ್ರಿ ನಾವುಂದದಿಂದ ಕುಂದಾಪುರಕ್ಕೆ ವಾಹನ ಸಿಕ್ಕುವುದೋ ಇಲ್ಲವೋ ಎಂಬುದನ್ನು ಮೊದಲೇ ಯೋಚಿಸಿಟ್ಟಿರಬೇಕು. ಮನೆಯು ತೀರ ಒಳಗಿದ್ದರೆ, ಅಥವಾ ಒಂಟಿಯಾಗಿ ವಾಸಿಸುವ ಮುದುಕರಾದರೆ, ಅದನ್ನು ವೈದ್ಯರಿಗೆ ಹೇಳಿ ಒಂದು ರಾತ್ರಿ ಆಸ್ಪತ್ರೆಯಲ್ಲಿಯೇ ಉಳಿಯುವುದರಲ್ಲಿ ನಾಚಿಕೆಯೇನೂ ಇಲ್ಲ. ಇಂಥವರ ಮನೆಯಲ್ಲಿ ಸರದಿಯಂತೆ ರಾತ್ರಿ ಕುಳಿತುಕೊಳ್ಳುವುದು ಸಭೆಯವರಿಗೆ ತಕ್ಕ ಸೇವೆಯೂ ಆಗಿದೆ. ಪ್ರಾರ್ಥನೆ ಮಾಡಿ ಹೊರಟುಹೋಗುವುದಕ್ಕಿಂತ, ಪ್ರಾರ್ಥನೆ ಮಾಡಿ ಎಚ್ಚರವಾಗಿ ಉಳಿಯುವುದು ಮೇಲು.

ಸಿಂಪ್ಸನನ ಜೀವನದಿಂದ ನಾವು ಕಲಿಯತಕ್ಕದ್ದು ಇದೇ. ಇತರರ ನೋವನ್ನು ಕಂಡು ಕರಗುವ ಹೃದಯವು ದೇವರ ವರವು. ಅದಿಲ್ಲದಿದ್ದರೆ ಯಾವ ಒಳ್ಳೆಯ ಕೆಲಸವೂ ಆರಂಭವಾಗುವುದಿಲ್ಲ. ಆದರೆ ಕರುಣೆಗೆ ಎಚ್ಚರವೂ ಕೂಡಿರಬೇಕು. ತನ್ನ ಕೆಲಸದಲ್ಲಿ ತಪ್ಪಿರಬಹುದೆಂದು ಒಪ್ಪುವ ದೀನತೆಯೂ ಬೇಕು. ಮತ್ತೊಬ್ಬನನ್ನು ಮಲಗಿಸಿದವನು ತಾನು ಮಲಗಬಾರದು. ಇಸ್ರಾಯೇಲನ್ನು ಕಾಯುವಾತನು ತೂಕಡಿಸುವವನಲ್ಲವೆಂದು ನಂಬಿರುವ ನಾವು, ನಮ್ಮ ನೆರೆಯವನು ಬಲಹೀನನಾಗಿ ಮಲಗಿರುವ ರಾತ್ರಿಯಲ್ಲಿ ಆತನ ಬದಿಯಲ್ಲಿ ದೀಪ ಹಚ್ಚಿ ಕುಳಿತಿರೋಣ. ಇದಕ್ಕೆ ಬೇಕಾದ ಪ್ರೀತಿಯನ್ನೂ ತಾಳ್ಮೆಯನ್ನೂ ಕರ್ತನು ನಮ್ಮೆಲ್ಲರಿಗೂ ದಯಪಾಲಿಸಲಿ.